ಬೋಣಿ ಹೊತ್ತಿನ ವ್ಯಾಪಾರಾಚಾರ್ಯ

ಮೊನ್ನೆ ಪಾರ್ಕಿನಲ್ಲಿ ಒಬ್ಬ ಹುಡುಗ ನನ್ನ ಪಕ್ಕ ಕೂತು ಫೋನಿನಲ್ಲಿ ಯಾರದೋ ಭಾಷಣ ಕೇಳುತ್ತಿದ್ದ. ಇಣುಕಿ ನೋಡಿದೆ. ಕೆನ್ನೆಗೆ ಮೈಕು ಅಂಟಿಸಿಕೊಂಡ ಗಡ್ಡದ ಮನುಷ್ಯನೊಬ್ಬ ವೇದಿಕೆಯ ಮೇಲೆ ಆ ಕಡೆಯಿಂದ ಈ ಕಡೆಗೆ ಓಡಾಡುತ್ತ, ನಿಮ್ಮೊಳಗಿನ ವ್ಯಾಪಾರಿಯನ್ನು ಎಬ್ಬಿಸಿ ಎಂದು ಕೂಗುತ್ತಿದ್ದ.

"ಯಾರಪ್ಪ ಇದು?" ಎಂದೆ.

"ಬಿಸಿನೆಸ್ ಮೆಂಟರ್ ಅಂಕಲ್. ಸಖತ್ ಫೇಮಸ್ಸು. ಇವ್ರ ಸೆಷನ್‌ಗೆ ಸೀಟೇ ಸಿಗಲ್ಲ." ಆಮೇಲೆ ಮರ್ಯಾದೆಗೆಂದು ಕೇಳಿದ, "ನೀವೇನ್ ಕೆಲ್ಸದಲ್ಲಿದ್ರಿ ಅಂಕಲ್? ಬ್ಯಾಂಕಾ?"

ಬ್ಯಾಂಕಂತೆ! ಈ ಬರಹಕ್ಕೆ ಆ ಒಂದು ಮಾತೇ ಕಾರಣ. ಮೈಯೆಲ್ಲ ಉರಿದುಹೋಯಿತು. ಬನಶಂಕರಿ ಎರಡನೇ ಹಂತದಲ್ಲಿ ಅರ್ಧಕ್ಕರ್ಧ ಸೈಟುಗಳು ಖಾಲಿ ಬಿದ್ದು ಲಂಟಾನ ಬೆಳೆದಿದ್ದ ಕಾಲದಲ್ಲಿ, ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸು ಹೊಸದಾಗಿದ್ದ ಕಾಲದಲ್ಲಿ, ಈ ಸೀಮೆಯ ವ್ಯಾಪಾರಕ್ಕೆ ಒಬ್ಬ ಗುರು ಇದ್ದ. ಅವನೇ ನಾನು. ಮೆಂಟರ್ ಎಂಬ ಪದ ಆಗ ನಮ್ಮಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ಆದ್ದರಿಂದ ನನ್ನ ಬಿರುದನ್ನು ನಾನೇ ಯೋಚಿಸಿ ನಾನೇ ಕೊಟ್ಟುಕೊಂಡೆ. ವ್ಯಾಪಾರಾಚಾರ್ಯ ಶೇಷಗಿರಿ. ಬೇರೆಯವರು ಕೊಡಲಿ ಎಂದು ಕಾಯುತ್ತ ಕೂತಿದ್ದರೆ ಇವತ್ತಿಗೂ ಕಾಯುತ್ತಲೇ ಇರುತ್ತಿದ್ದೆ. ಈ ಕ್ಷೇತ್ರಕ್ಕೆ ಬರುವ ಯುವಕರು ಇದನ್ನು ಮೊದಲ ಪಾಠವೆಂದು ತಿಳಿಯಬೇಕು.

ನಿವೃತ್ತರೆಲ್ಲ ತಮಗೆ ಸಿಕ್ಕ ಬಡ್ತಿಗಳ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ. ನಾನು ಬರೆಯುವುದಿಲ್ಲ. ನನಗೆ ಬಡ್ತಿ ಕೊಡುವಷ್ಟು ಎತ್ತರದಲ್ಲಿ ಯಾರೂ ಇರಲಿಲ್ಲ. ಮೇಲಧಿಕಾರಿ ಅಂತ ಇದ್ದವನು ಒಬ್ಬನೇ, ಮೊದಲು ನಾನು ಕೆಲಸಕ್ಕಿದ್ದ ಸೋಪಿನ ಕಂಪನಿಯ ಮ್ಯಾನೇಜರು. ಅಂಗಡಿ ಅಂಗಡಿಗೆ ಹೋಗಿ ಸೋಪಿನ ಆರ್ಡರು ತರುವುದು ನನ್ನ ಕೆಲಸ. ನಾನು ಅಂಗಡಿಯವರಿಗೆ ವ್ಯಾಪಾರದ ತತ್ತ್ವ ತಿಳಿಸಿಕೊಡುತ್ತಿದ್ದೆ. ಅದು ಮುಗಿಯುವಷ್ಟರಲ್ಲಿ ಹೊತ್ತಾಗಿಬಿಡುತ್ತಿತ್ತು, ಆರ್ಡರು ಕೇಳುವುದು ಮರೆತುಹೋಗುತ್ತಿತ್ತು. ಒಂದು ದಿನ ಆತ ನನ್ನನ್ನು ಕರೆಸಿ, "ಶೇಷಗಿರಿ, ನಾವು ಸೋಪು ಮಾರೋರು ಕಣ್ರೀ. ನೀವು ಮಾತು ಮಾರ್ಕೊಂಡು ಓಡಾಡ್ತಿದ್ದೀರಿ" ಎಂದ. ನಾನು ಆ ಕಂಪನಿಯನ್ನು ಬಿಟ್ಟೆ. ಅವರು ಬಿಡಿಸಿದರು ಎಂದು ಹೇಳುವ ಕೆಲವರಿದ್ದಾರೆ. ಅಂಥವರ ಜೊತೆ ವಾದ ಮಾಡಿ ಪ್ರಯೋಜನವಿಲ್ಲ.

ಆಮೇಲೆ ಮನೆ ಹೇಗೆ ನಡೆಯಿತು ಎಂದು ಕೇಳುವ ಕೆಟ್ಟ ಕುತೂಹಲ ಕೆಲವರಿಗೆ ಇರುತ್ತದೆ. ನನ್ನ ಹೆಂಡತಿ ಕಮಲ ಜಯನಗರದ ಒಂದು ಪ್ರಾಥಮಿಕ ಶಾಲೆಯಲ್ಲಿ ಟೀಚರು. ಹಾಗೆ ನಡೆಯಿತು.

ಈಗ ನನ್ನ ವಿಧಾನಕ್ಕೆ ಬರುತ್ತೇನೆ. ಇಂದಿನ ಮೆಂಟರುಗಳು ಜನರನ್ನು ತಮ್ಮ ಬಳಿಗೆ ಕರೆಸಿಕೊಳ್ಳುತ್ತಾರೆ. ನಾನು ಅಂಗಡಿಯ ಬಾಗಿಲಿಗೇ ಹೋಗುತ್ತಿದ್ದೆ, ಅದೂ ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ, ಬೋಣಿಗೆ ಮುಂಚೆ. ದಿನದ ಮೊದಲ ಗಿರಾಕಿ ಬಂದು ಕೊಂಡು ಬೋಣಿ ಆಯಿತೆಂದರೆ ವ್ಯಾಪಾರಿಯ ಮನಸ್ಸು ಗಲ್ಲಾಪೆಟ್ಟಿಗೆಯೊಳಗೆ ಹೋಗಿ ಕೂರುತ್ತದೆ. ಅಲ್ಲಿಂದ ಅದನ್ನು ಹೊರಗೆ ತರಲು ಯಾರಿಂದಲೂ ಆಗದು. ಇನ್ನೊಂದು ನಿಯಮವನ್ನೂ ಕಟ್ಟುನಿಟ್ಟಾಗಿ ಪಾಲಿಸಿದೆ. ಪಾಠ ಹೇಳುವ ಅಂಗಡಿಯಲ್ಲಿ ಏನನ್ನೂ ಕೊಳ್ಳಬಾರದು. ಕೊಂಡ ಕೂಡಲೇ ಗುರು ಗಿರಾಕಿಯಾಗುತ್ತಾನೆ, ಗೌರವ ಹೋಗುತ್ತದೆ. ಮೊದಲು ಬಂದವನು ಬರಿಗೈಲಿ ಹೋದರೆ ಆವತ್ತಿನ ವ್ಯಾಪಾರವೇ ಹಾಳು ಎಂದು ಅಂಗಡಿಯವರು ನಂಬುತ್ತಾರೆಂಬುದು ನನಗೆ ಗೊತ್ತಿಲ್ಲದೆ ಇರಲಿಲ್ಲ. ಆದರೆ ಅದು ಗಿರಾಕಿಗಳಿಗೆ ಅನ್ವಯಿಸುವ ಮಾತು. ನನಗೆ ಹೇಗೆ ಅನ್ವಯಿಸೀತು?

ಎರಡನೇ ಹಂತದಲ್ಲಿ ನಮ್ಮ ಮನೆಗೆ ಹತ್ತಿರದ ಒಂದು ಅಂಗಡಿ ಸಾಲನ್ನು ಆರಿಸಿಕೊಂಡೆ. ದಿನಕ್ಕೊಂದು ಅಂಗಡಿಯಂತೆ ವೇಳಾಪಟ್ಟಿ ಮಾಡಿ ಅಡುಗೆಮನೆಯ ಗೋಡೆಗೆ, ಕ್ಯಾಲೆಂಡರಿನ ಪಕ್ಕ ಅಂಟಿಸಿದೆ. ಸೋಮವಾರ ಅರಿಶಿನ, ಕರ್ಪೂರ, ಊದುಬತ್ತಿ ಮಾರುವ ನಾಗರಾಜ ಶೆಟ್ಟರ ಗ್ರಂಥಿಗೆ ಅಂಗಡಿ. ಮಂಗಳವಾರ ಬಳೆ ಅಂಗಡಿ. ಬುಧವಾರ ಮುನಿಯಪ್ಪನ ತೆಂಗಿನಕಾಯಿ ಮತ್ತು ಬಾಳೆಎಲೆ ಅಂಗಡಿ. ಹೀಗೆ ವಾರವಿಡೀ. ಟೈ ಕಟ್ಟಿಕೊಂಡು, ಪೌಡರು ಹಚ್ಚಿಕೊಂಡು ಹೊರಡುತ್ತಿದ್ದೆ. ನನಗೆ ಬೇಕಾಗಿದ್ದುದು ಬಹಳವೇನಲ್ಲ. ಆ ಸಾಲಿನಲ್ಲಿ ಒಬ್ಬನೇ ಒಬ್ಬ ವ್ಯಾಪಾರಿ ನನ್ನನ್ನು ಗುರುವೆಂದು ಒಪ್ಪಿಕೊಳ್ಳಬೇಕು. ಒಬ್ಬ ಒಪ್ಪಿದರೆ ಜಯನಗರ ಒಪ್ಪುತ್ತದೆ, ಜಯನಗರ ಒಪ್ಪಿದರೆ ಚಿಕ್ಕಪೇಟೆ ಒಪ್ಪುತ್ತದೆ ಎಂಬುದು ನನ್ನ ಲೆಕ್ಕಾಚಾರ.

ಮೊದಲ ಕೆಲವು ತಿಂಗಳು ನಾನು ಅನುಭವಿಸಿದ ಅವಮಾನವನ್ನು ಇಂದಿನ ಯಾವ ಮೆಂಟರೂ ಅನುಭವಿಸಿಲ್ಲ. ನಾಗರಾಜ ಶೆಟ್ಟರು ನನ್ನನ್ನು ದೂರದಲ್ಲಿ ಕಂಡರೆ ಸಾಕು, ಅರ್ಧ ಎತ್ತಿದ ಷಟರನ್ನು ಹಾಗೇ ಕೆಳಗೆ ಬಿಡುತ್ತಿದ್ದರು. ಒಳಗಿನಿಂದ ಊದುಬತ್ತಿಯ ಹೊಗೆ ಬರುತ್ತಿತ್ತು, ಮನುಷ್ಯ ಮಾತ್ರ ಇಲ್ಲ! ಬಳೆ ಅಂಗಡಿಯವನಂತೂ ನನ್ನ ಮುಖ ಕಂಡ ಕೂಡಲೇ ಕಾಫಿ ಕುಡಿಯಲು ಓಡುತ್ತಿದ್ದ. ನಾನು ಬಾಗಿಲಲ್ಲೇ ನಿಂತು ಕಾಯುತ್ತಿದ್ದೆ. ಒಂದು ದಿನ ಇಬ್ಬರು ಹೆಂಗಸರು ಬಂದು, ಟೈ ಕಟ್ಟಿಕೊಂಡವನು ನಿಂತಿದ್ದಾನೆ, ಜಪ್ತಿಗೆ ಬಂದ ಆಫೀಸರಿರಬೇಕು ಎಂದು ಹೊರಟುಹೋದರಂತೆ. ಅದಕ್ಕೂ ನನ್ನನ್ನೇ ಬೈದ. ಜ್ಞಾನ ಮನೆಬಾಗಿಲಿಗೆ ಬಂದಾಗ ಕಾಫಿಗೆ ಓಡುವ ಜನಾಂಗ ಹೇಗೆ ಉದ್ಧಾರವಾದೀತು ಎಂದು ನಾನು ಮನೆಯಲ್ಲಿ ಕೂಗಾಡಿದೆ. ಕಮಲ ಬೀನ್ಸ್ ಹೆಚ್ಚುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

ಮುನಿಯಪ್ಪ ಒಬ್ಬನೇ ಆಗ ಓಡಲಿಲ್ಲ. ಅವನು ಕತ್ರಿಗುಪ್ಪೆಯವನು. ಅವನ ಜಮೀನೆಲ್ಲ ಬಡಾವಣೆಗೆ ಹೋಗಿತ್ತು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಮಂದಿ ಕಾಂಪೌಂಡು ಕಟ್ಟಿ ಕ್ರೋಟನ್ ಬೆಳೆಸುತ್ತಿದ್ದರು. ಬಂದ ಪರಿಹಾರ ಮಗಳ ಮದುವೆಗೂ ಇದಕ್ಕೂ ಅದಕ್ಕೂ ಕರಗಿ, ಉಳಿದದ್ದರಲ್ಲಿ ಈ ಅಂಗಡಿ ಹಾಕಿದ್ದ. ಅವನಿಗೂ ಅವನ ಹೆಂಡತಿ ಗೌರಮ್ಮನಿಗೂ ಇದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ವ್ಯಾಪಾರ ಹೊಸದು, ಭಯ ಬಹಳ. ಟೈ ಕಟ್ಟಿದವನು ಹೇಳುತ್ತಿದ್ದಾನೆ ಎಂದರೆ ಏನೋ ಇರಬೇಕು ಎಂದು ಬಾಯಿ ತೆರೆದು ಕೇಳಿದ. ಇವನೇ ನನ್ನ ಶಿಷ್ಯ ಎಂದು ನಾನು ಅಂದೇ ನಿರ್ಧರಿಸಿದೆ.

ಅವನ ಅಂಗಡಿಯನ್ನು ಒಂದು ಬೆಳಿಗ್ಗೆ ಪೂರ್ತಿ ನಿಂತು ಪರಿಶೀಲಿಸಿದೆ. ಎರಡು ಲೋಪಗಳು ಕಣ್ಣಿಗೆ ಹೊಡೆದವು. ಒಂದು, ಬಂದವರೆಲ್ಲ ರಾಶಿಗೆ ಕೈಹಾಕಿ ಕಾಯಿಗಳನ್ನು ಒಂದೊಂದಾಗಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳಿನಿಂದ ತಟ್ಟಿ, ಇಟ್ಟು, ಮತ್ತೊಂದು ಎತ್ತುತ್ತಿದ್ದರು. ಎಷ್ಟು ಸಮಯ ವ್ಯರ್ಥ! ಎರಡು, ಮನೆಗೆ ಹೋಗಿ ಒಡೆದಾಗ ಕಾಯಿ ಕೆಟ್ಟಿದ್ದರೆ ಆ ಎರಡು ಹೋಳು ಹಿಡಿದುಕೊಂಡು ವಾಪಸು ಬರುತ್ತಿದ್ದರು. ಮುನಿಯಪ್ಪ ಚಕಾರವೆತ್ತದೆ ಬೇರೆ ಕಾಯಿ ಕೊಡುತ್ತಿದ್ದ. ಯಾವ ದೇಶದಲ್ಲಾದರೂ ಉಂಟೇ ಇದು?

ಒಂದು ಹಲಗೆಗೆ ನಾನೇ ಬಣ್ಣ ಬಳಿದು ಬರೆದು ತಂದೆ. 'ಕಾಯಿ ತಟ್ಟಬಾರದು. ಒಡೆದ ಕಾಯಿ ವಾಪಸು ಪಡೆಯುವುದಿಲ್ಲ.' ಮುನಿಯಪ್ಪ ಅದನ್ನು ನೋಡಿ ತಲೆ ಕೆರೆದುಕೊಂಡ.

"ಸಾರ್, ತಟ್ದೆ ಕಾಯಿ ಯಾರ್ ತಗೋತಾರೆ?"

"ಶಿಸ್ತು ಬೇಕಪ್ಪ ವ್ಯಾಪಾರದಲ್ಲಿ. ನೀನು ಕೊಟ್ಟ ಕಾಯಿ ಅವರು ತಗೋಬೇಕು."

"ಒಳಗಡೆ ಏನೈತೆ ಅಂತ ನಂಗೇ ಗೊತ್ತಿರಲ್ವಲ್ಲ ಸಾರ್."

ಹಲಗೆ ತೂಗಿಹಾಕಿಸಿದೆ. ಬಂದವರು ಓದಿದರು, ಮುಖ ನೋಡಿದರು, ಎದುರು ಸಾಲಿನ ಅಂಗಡಿಗೆ ಹೋದರು. ಒಂಬತ್ತು ಗಜದ ಸೀರೆಯುಟ್ಟ ಅಜ್ಜಿಯೊಬ್ಬರು ಎರಡು ಹೋಳು ಹಿಡಿದು ಬಂದು, "ಗಣಪತಿ ಮುಂದೆ ಒಡೆದ ಕಾಯಿ ಕಣಪ್ಪಾ, ಹೀಗೆ ಕಪ್ಪಗಿದೆ, ನನ್ನ ಮಗನಿಗೆ ಇವತ್ತು ಆಪರೇಷನ್ನು" ಎಂದರು. ನಾನು ಹಲಗೆ ತೋರಿಸಿದೆ. ಅವರು ಅಲ್ಲೇ ನಿಂತು ಅತ್ತರು. ಗೌರಮ್ಮ ನನ್ನನ್ನು ಒಂದು ಸಲ ನೋಡಿದಳು. ರಾಶಿಯಿಂದ ಎರಡು ಕಾಯಿ ಆರಿಸಿ ಅಜ್ಜಿಯ ಕೈಗಿಟ್ಟಳು. ಹಲಗೆ ಬಿಚ್ಚಿ, ಬಾಳೆಎಲೆ ಬಾಡದ ಹಾಗೆ ಹೊದಿಸಿದ್ದ ಒದ್ದೆ ಗೋಣಿಯ ಮೇಲೆ ಭಾರಕ್ಕೆ ಇಟ್ಟಳು. ಒಂದು ತತ್ತ್ವವನ್ನು ಅರ್ಧ ದಿನವೂ ಪರೀಕ್ಷಿಸದೆ ಕೈಬಿಟ್ಟರೆ ಅದು ತತ್ತ್ವದ ತಪ್ಪೇ? ನನಗೆ ಈಗಲೂ ಅರ್ಥವಾಗಿಲ್ಲ. ಮುಂದಿನ ಬುಧವಾರ ನಾನು ಹೋದಾಗ ಮುನಿಯಪ್ಪನೂ ಕಾಯಿರಾಶಿಯ ಮೇಲೆ ಗೋಣಿತಾಟು ಎಳೆದು ಬೆನ್ನು ತಿರುಗಿಸಿ ನಿಂತ.

ಆದರೆ ನಾನು ಸೋತು ಕೂರುವವನಲ್ಲ. ಹೋಗುತ್ತಲೇ ಇದ್ದೆ. ಆಗ ಒಂದು ಅದ್ಭುತ ನಡೆಯಿತು. ಇದ್ದಕ್ಕಿದ್ದಂತೆ ಇಡೀ ಸಾಲು ಬದಲಾಯಿತು. ಷಟರುಗಳು ಕೆಳಗಿಳಿಯುವುದು ನಿಂತಿತು. ನಾಗರಾಜ ಶೆಟ್ಟರು, "ಬನ್ನಿ ಸಾರ್" ಎಂದು ತಕ್ಕಡಿ ಒರೆಸುತ್ತ ನಿಂತರು. ಬಳೆಯವನು ಕಾಫಿಗೆ ಓಡಲಿಲ್ಲ. ಮುನಿಯಪ್ಪ ಗೋಣಿತಾಟು ಎಳೆಯಲಿಲ್ಲ. ಯಾರೂ ನನ್ನ ಮಾತಿಗೆ ಎದುರು ಆಡಲಿಲ್ಲ. ನಾನು ಹೇಳಿದ್ದನ್ನು ಮಾಡಲೂ ಇಲ್ಲ ನಿಜ, ಆದರೆ ಗುರುವನ್ನು ನಿಂತು ಕೇಳುವುದೇ ದೊಡ್ಡ ಮೊದಲ ಹೆಜ್ಜೆ. ಹೀಗೆ ಬಹಳ ವರ್ಷ ನಡೆಯಿತು. ಅದು ನನ್ನ ಕೀರ್ತಿ ಎಂದು ನಾನು ತಿಳಿದುಕೊಂಡೆ. ಬೇರೆ ಏನೆಂದು ತಿಳಿಯಬೇಕಿತ್ತು?

ಆ ಹುಮ್ಮಸ್ಸಿನಲ್ಲೇ ಜಯನಗರದಲ್ಲಿ ಒಂದು ಸಭಾಂಗಣ ಹಿಡಿದು 'ವ್ಯಾಪಾರ ವಿಜಯ' ಎಂಬ ಉಪನ್ಯಾಸ ಇಟ್ಟುಕೊಂಡೆ. ಸಭಾಂಗಣ ಕಿಕ್ಕಿರಿದಿತ್ತು. ನನ್ನ ಕಣ್ಣು ತುಂಬಿ ಬಂತು. ಅರ್ಧ ಗಂಟೆ ಮಾತಾಡಿದ ಮೇಲೆ ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು, "ಸ್ವಾಮಿ, ಹರಿಕಥೆ ಶುರು ಮಾಡೋರು ನೀವೇನಾ, ಇಲ್ಲ ಇನ್ನೂ ಬರಬೇಕಾ?" ಎಂದರು. ನನ್ನ ನಂತರ ಅಲ್ಲಿ ಹರಿಕಥೆ ಇತ್ತು. ಜನ ಜಾಗ ಹಿಡಿಯಲು ಮುಂಚೆ ಬಂದಿದ್ದರು. ನಾನು ಮುಗಿಸುತ್ತೇನೆ ಎಂದಾಗ ಬಿದ್ದ ಚಪ್ಪಾಳೆಯ ಸದ್ದು ಮಾತ್ರ ಬಹಳ ಜೋರಾಗಿತ್ತು ಎಂದು ಇಲ್ಲಿ ದಾಖಲಿಸುತ್ತೇನೆ. ಹರಿದಾಸರಿಗೂ ಅಷ್ಟು ಬೀಳಲಿಲ್ಲ.

ಎಂಬತ್ತರ ದಶಕದ ಆರಂಭವಿರಬೇಕು, ಕಮಲ ಟೈಫಾಯಿಡ್ ಬಂದು ಮಲಗಿದಳು. ನೋಡಿಕೊಳ್ಳಲು ಅವಳ ತಂಗಿ ಬಂದಿದ್ದಳು. ನಾನು ನನ್ನ ಕರ್ತವ್ಯ ಬಿಡಲಿಲ್ಲ. ಸೋಮವಾರ ಟೈ ಕಟ್ಟಿ ಹೊರಟೆ. ನಾಗರಾಜ ಶೆಟ್ಟರು ನನ್ನನ್ನು ಕಂಡರು, ನನ್ನ ಹಿಂದೆ ಮುಂದೆ ರಸ್ತೆ ನೋಡಿದರು, ಷಟರನ್ನು ದಡಾರನೆ ಬಿಟ್ಟರು. ಮಂಗಳವಾರ ಬಳೆಯವನು ಕಾಫಿಗೆ ಓಡಿದ. ಬುಧವಾರ ಮುನಿಯಪ್ಪ ಗೋಣಿತಾಟು ಎಳೆದ. ನನ್ನ ರಕ್ತ ಕುದಿಯಿತು. ಇಷ್ಟು ವರ್ಷ ಕಟ್ಟಿದ ಗೌರವ ಮೂರು ದಿನದಲ್ಲಿ ಹೇಗೆ ಬಿದ್ದುಹೋಗುತ್ತದೆ? ಇದು ಪಿತೂರಿ ಎಂದು ಅಲ್ಲೇ ಕೂಗಿದೆ.

"ಏನಿದು ಮುನಿಯಪ್ಪ? ನಾನೇನು ನಿನ್ನ ಕಾಯಿ ಕದಿಯೋಕೆ ಬಂದಿದ್ದೀನಾ?"

"ಬೋಣಿ ಆಗಿಲ್ಲ ಸಾರ್" ಎಂದ, ನೆಲ ನೋಡುತ್ತ.

"ಹೋದ ವಾರದವರೆಗೂ ಇಲ್ಲದ ಬೋಣಿ ಈ ವಾರ ಎಲ್ಲಿಂದ ಬಂತು?"

ಅವನು ಗೌರಮ್ಮನ ಮುಖ ನೋಡಿದ. ಅವಳು ಬಾಳೆಎಲೆ ಸುತ್ತುವುದನ್ನು ನಿಲ್ಲಿಸಿ, "ಟೀಚರಮ್ಮ ಯಾಕ್ ಸಾಮಿ ಕಾಣ್ತಿಲ್ಲ?" ಎಂದಳು.

"ಅವಳಿಗೆ ಟೈಫಾಯಿಡ್. ಅದಕ್ಕೂ ಇದಕ್ಕೂ ಏನು ಸಂಬಂಧ?"

"ಅಯ್ಯೋ ಶಿವನೇ" ಎಂದು ಗೌರಮ್ಮ ಎದ್ದೇಬಿಟ್ಟಳು. ಎರಡು ಎಳನೀರು ಚೀಲಕ್ಕೆ ಹಾಕಿಕೊಂಡು ನನ್ನ ಮುಂದೆಯೇ ನಮ್ಮ ಮನೆಯ ಕಡೆ ಹೊರಟಳು. ನಮ್ಮ ಮನೆ ಅವಳಿಗೆ ಗೊತ್ತಿರುವುದೇ ನನಗೆ ಗೊತ್ತಿರಲಿಲ್ಲ.

ನಾನು ಹಿಂದೆಯೇ ಹೋದೆ. ಗೌರಮ್ಮ ಮಂಚದ ಪಕ್ಕ ಕೂತು ಕಮಲಳ ಹಣೆ ಮುಟ್ಟಿ ನೋಡಿದಳು. "ಬೇಗ ಎದ್ದೇಳಿ ಟೀಚರಮ್ಮ. ನೀವು ಬಂದು ಬೋಣಿ ಮಾಡ್ದೆ ಇದ್ರೆ ಈ ಸಾಮಿಗೆ ಹೆದರ್ಕೊಂಡು ಇಡೀ ಸಾಲು ಬಾಗ್ಲು ಹಾಕ್ಕೊಂಡು ಕೂತದೆ" ಎಂದಳು. ನಾನು ಬಾಗಿಲಲ್ಲೇ ನಿಂತಿದ್ದೆ. ನಾನಿದ್ದೇನೆಂಬ ಸಂಕೋಚವೂ ಅವಳಿಗಿರಲಿಲ್ಲ. ಎಲ್ಲರಿಗೂ ಗೊತ್ತಿದ್ದ ವಿಷಯ ನನಗೂ ಗೊತ್ತಿದೆಯೆಂದೇ ಅವಳು ತಿಳಿದಿದ್ದಳು.

ನಡೆದದ್ದು ಇಷ್ಟು. ಕಮಲ ಶಾಲೆಗೆ ಹೋಗುವ ಮುಂಚೆ ಅಡುಗೆಮನೆಯ ಗೋಡೆಯ ವೇಳಾಪಟ್ಟಿ ನೋಡಿ, ಆವತ್ತು ನಾನು ಯಾವ ಅಂಗಡಿಗೆ ಹೋಗುತ್ತೇನೋ ಆ ಅಂಗಡಿಗೆ ನನಗಿಂತ ಮುಂಚೆ ಹೋಗಿ ಏನಾದರೂ ಕೊಳ್ಳುತ್ತಿದ್ದಳು. ಬೋಣಿ ಮುಗಿದಿರುತ್ತಿತ್ತು. ಆಮೇಲೆ ನಾನು ಬಂದು ಎಷ್ಟು ಹೊತ್ತು ಮಾತಾಡಿ ಬರಿಗೈಲಿ ಹೋದರೂ ಅವರಿಗೆ ಚಿಂತೆಯಿರಲಿಲ್ಲ. ವರ್ಷಗಟ್ಟಲೆ ನಮ್ಮ ಮನೆಯಲ್ಲಿ ಕರ್ಪೂರದ ಡಬ್ಬಿಗಳು ಯಾಕೆ ಮುಗಿಯಲೇ ಇಲ್ಲ, ಕಮಲ ಮಂಗಳವಾರ ಮಂಗಳವಾರ ಯಾಕೆ ಹೊಸ ಬಳೆ ಹಾಕಿಕೊಳ್ಳುತ್ತಿದ್ದಳು, ಬುಧವಾರ ರಾತ್ರಿ ಊಟಕ್ಕೆ ತಪ್ಪದೆ ಕಾಯಿಚಟ್ನಿ ಯಾಕೆ ಎಂಬುದೆಲ್ಲ ಆಗ ಹೊಳೆಯಿತು.

ಗೌರಮ್ಮ ಹೋದ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ, ಜ್ವರದಲ್ಲಿದ್ದವಳೆಂದೂ ನೋಡದೆ ಕೇಳಿದೆ.

"ನನ್ನ ಮಾನ ಕಾಪಾಡೋಕೆ ಅಂತ ಮಾಡಿದ್ಯೇನು ಇದನ್ನ? ನಾನು ಕೇಳಿದ್ನಾ?"

"ನಿಮಗೋಸ್ಕರ ಅಲ್ಲ ರೀ" ಎಂದಳು ನಿಧಾನವಾಗಿ. "ಅವರಿಗೋಸ್ಕರ. ಆ ಮುನಿಯಪ್ಪಂಗೆ ಹೊಲ ಹೋಯ್ತು, ಇರೋದು ಅದೊಂದು ಅಂಗಡಿ. ಬೋಣಿ ನಿಜವೋ ಸುಳ್ಳೋ ನಂಗೆ ಗೊತ್ತಿಲ್ಲ. ಅವನು ದಿನವೆಲ್ಲ ಹೆದರ್ಕೊಂಡು ಕೂತ್ರೆ ವ್ಯಾಪಾರ ಹೇಗೆ ಮಾಡ್ತಾನೆ?"

"ಹಾಗಾದ್ರೆ ನನ್ನನ್ನೇ ಹೋಗಬೇಡಿ ಅನ್ನಬಹುದಿತ್ತಲ್ಲ?"

"ಹೋಗ್ಬೇಡಿ ಅಂದಿದ್ರೆ ನೀವು ಮನೇಲಿ ಕೂತು ನಂಗೆ ಹೇಳ್ತಿದ್ರಿ" ಎಂದಳು. "ಚಟ್ನಿನೇ ವಾಸಿ ಅನ್ನಿಸ್ತು."

ಜ್ವರದವಳು, ನಗಲು ಶಕ್ತಿಯಿರಲಿಲ್ಲ, ಆದರೂ ನಕ್ಕಳು. ನಾನು ನಗಲಿಲ್ಲ. ನಗುವಂಥದ್ದು ಏನೂ ಇರಲಿಲ್ಲ. ಕೇಳಬಾರದು ಎಂದುಕೊಂಡೇ ಕೇಳಿದೆ.

"ಇಷ್ಟು ವರ್ಷದಲ್ಲಿ ಒಬ್ಬರೂ, ಒಬ್ಬರಾದ್ರೂ, ನನ್ನ ಮಾತಿಂದ ಉಪಯೋಗ ಆಯ್ತು ಅಂತ ನಿನ್ನ ಹತ್ರ ಹೇಳಲಿಲ್ವಾ?"

ಅವಳು ಕಣ್ಣು ಮುಚ್ಚಿ ಪ್ರಾಮಾಣಿಕವಾಗಿ ಯೋಚಿಸಿದಳು. ಅವಳ ಆ ಪ್ರಾಮಾಣಿಕತೆಯೇ ನನ್ನ ಜೀವನದ ದೊಡ್ಡ ಕಷ್ಟ.

"ಗೌರಮ್ಮ ಹೋದ ತಿಂಗಳು ಹೇಳಿದ್ಲು" ಎಂದಳು. "ಮಗಳು ಬಾಣಂತನಕ್ಕೆ ಬಂದಿದಾಳಂತೆ. ಮಗು ಯಾವಾಗ್ಲೂ ಅಳುತ್ತಂತೆ. ನೀವು ಅಂಗಡೀಲಿ ಮಾತಾಡ್ತಾ ಇದ್ರೆ ಮಾತ್ರ ನಿದ್ದೆ ಮಾಡುತ್ತಂತೆ."

ಯುವಕರೇ, ನಿಮ್ಮ ಗಡ್ಡದ ಮೆಂಟರಿನ ಜಾಹೀರಾತಿನಲ್ಲಿ ಎಷ್ಟೊಂದು ಜನರ ಹೊಗಳಿಕೆಗಳು ಅಚ್ಚಾಗಿರುತ್ತವೆ. ನನಗೆ ಸಿಕ್ಕದ್ದು ಇದೊಂದೇ. ಇದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಇದನ್ನು ಕೇಳಿದ ಮನುಷ್ಯನಿಗೆ ಆ ದಿನ ಹೇಗಾಗಿರಬೇಕು ಎಂದು ಯೋಚಿಸಿ. ಮುನಿಯಪ್ಪನ ಮೇಲೆ, ಶೆಟ್ಟರ ಮೇಲೆ, ಕಮಲಳ ಮೇಲೆ, ಇನ್ನೂ ಹಲ್ಲು ಬರದ ಆ ಕೂಸಿನ ಮೇಲೂ ನನಗೆ ಸಿಟ್ಟು ಬಂತು.

ಮರುದಿನ ಬೆಳಿಗ್ಗೆ ನಾನು ಎಲ್ಲಿಗೂ ಹೋಗಲಿಲ್ಲ. ಟೈ ಗೂಟದಲ್ಲೇ ನೇತಾಡುತ್ತಿತ್ತು. ಕಮಲಳಿಗೆ ಗಂಜಿ ಕೊಟ್ಟೆ. ಊಟವಾದ ಮೇಲೆ, ಎಲ್ಲ ಅಂಗಡಿಗಳಲ್ಲೂ ಬೋಣಿ ಯಾವಾಗಲೋ ಮುಗಿದಿರುವ ಹೊತ್ತಿನಲ್ಲಿ, ಎಳನೀರಿನ ಚೀಲ ವಾಪಸು ಕೊಡಬೇಕಿತ್ತಲ್ಲ, ಅದನ್ನು ಹಿಡಿದುಕೊಂಡು ಮುನಿಯಪ್ಪನ ಅಂಗಡಿಗೆ ಹೋದೆ. ತೊಲೆಗೆ ಹಳೆ ಸೀರೆಯ ಜೋಲಿ ಕಟ್ಟಿದ್ದರು. ಕೂಸು ಕಿರುಚುತ್ತಿತ್ತು. ಗೌರಮ್ಮನ ಮಗಳು ನಿದ್ದೆಗೆಟ್ಟ ಮುಖದಲ್ಲಿ ಜೋಲಿ ತೂಗುತ್ತಿದ್ದಳು. ಗೌರಮ್ಮ ಹಾಡಿದ್ದಳು, ಮುನಿಯಪ್ಪ ಕಾಯಿಚಿಪ್ಪು ಬಡಿದಿದ್ದ, ಯಾವುದಕ್ಕೂ ಬಗ್ಗಿರಲಿಲ್ಲ. ಮೂವರೂ ನನ್ನನ್ನು ನೋಡಿದರು.

ನಾನು ಚೀಲ ಕೆಳಗಿಟ್ಟು ಗಂಟಲು ಸರಿಮಾಡಿಕೊಂಡೆ. ಜೋಲಿಯ ಕಡೆ ನೋಡದೆ, ಮುನಿಯಪ್ಪನ ಕಡೆ ತಿರುಗಿ, "ಬಂಡವಾಳ ಎಂದರೆ ಏನು ಎಂಬುದನ್ನು ಮೊದಲು ತಿಳಿಯೋಣ" ಎಂದು ಶುರುಮಾಡಿದೆ. ಸ್ಥಿರ ಬಂಡವಾಳ, ಚರ ಬಂಡವಾಳ, ಅವೆರಡರ ವ್ಯತ್ಯಾಸ. ಕಿರುಚಾಟ ಅಳುವಾಯಿತು, ಅಳು ಬಿಕ್ಕಳಿಕೆಯಾಯಿತು, ಆಮೇಲೆ ಸದ್ದಿಲ್ಲ. ಬಾಣಂತಿ ಅಲ್ಲೇ ಎಲೆಯ ಕಟ್ಟಿಗೆ ತಲೆ ಕೊಟ್ಟು ಕಣ್ಣು ಮುಚ್ಚಿದಳು. ನಾನು ಮಾತು ನಿಲ್ಲಿಸಿ ಹೊರಡಲು ತಿರುಗಿದೆ. ಜೋಲಿ ಮಿಸುಕಿತು.

ಮುನಿಯಪ್ಪ ಓಡಿಬಂದು ಒಂದು ಖಾಲಿ ಪೆಟ್ಟಿಗೆಯನ್ನು ಬೋರಲು ಹಾಕಿ, ಅದರ ಮೇಲೆ ಹೆಗಲ ಮೇಲಿನ ಟವೆಲು ಹಾಸಿದ.

"ಕೂತ್ಕಳಿ ಸಾರ್" ಎಂದು ಪಿಸುಗುಟ್ಟಿದ. "ನಿಲ್ಲಿಸ್ಬೇಡಿ, ಹೇಳಿ."

ನನ್ನ ಇಡೀ ವೃತ್ತಿಯಲ್ಲಿ ಆ ಮಾತು ಹೇಳಿದ ವ್ಯಾಪಾರಿ ಅವನೊಬ್ಬನೇ. ನಾನು ಕೂತೆ. ದನಿ ಸ್ವಲ್ಪ ತಗ್ಗಿಸಿ, ಲಾಭ ನಷ್ಟದ ವಿಷಯಕ್ಕೆ ಬಂದೆ.